ಮೂತ್ರಕೋಶ ತೆಗೆದ ಮೇಲೆ

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರವನ್ನು ತಯಾರಿಸುತ್ತವೆ. ಈ ಕೆಲಸ ಹಗಲೂ ರಾತ್ರಿ ನಡೆದೇ ಇರುತ್ತದೆ. ಆದರೂ ನಾವು ದಿನಕ್ಕೆ ಐದಾರು ಬಾರಿ ಮಾತ್ರ ಮೂತ್ರ ವಿಸರ್ಜಿಸುತ್ತೇವೆ. ಹನಿಹನಿಯಾಗಿ ಬರುವುದನ್ನು ಕಡಿಮೆ ಒತ್ತಡದಲ್ಲಿ ಸಂಗ್ರಹಿಸಿಟ್ಟುಕೊಳ್ಳುವ ಮೂತ್ರಕೋಶವೇ ಇದಕ್ಕೆ ಕಾರಣ. ಕ್ಯಾನ್ಸರ್ ಅದರ ಸ್ನಾಯುಪದರಕ್ಕೆ ಇಳಿದಾಗ ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗುವುದುಂಟು. ಆಗ ಮೂತ್ರ ಎಲ್ಲಿಗೆ ಹೋಗಬೇಕು?

1887ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಬಾರ್ಡನ್‌ಹಾಯರ್ ಎಂಬ ವೈದ್ಯ ಕ್ಯಾನ್ಸರ್ ರೋಗಿಯೊಬ್ಬನ ಮೂತ್ರಕೋಶವನ್ನು ಪೂರ್ತಿಯಾಗಿ ತೆಗೆದ. ಗಡ್ಡೆ ಹೋಯಿತು. ಆದರೆ ಮೂತ್ರನಾಳಗಳಿಗೆ ಸರಿಯಾದ ದಾರಿ ಮಾಡಿಕೊಡಲಾಗದೆ ಎರಡು ವಾರಗಳಲ್ಲಿ ರೋಗಿ ತೀರಿಕೊಂಡ. ಮೂತ್ರನಾಳಗಳನ್ನು ದೊಡ್ಡಕರುಳಿಗೆ ಜೋಡಿಸುವ ವಿಧಾನ ಬಹುಕಾಲ ಬಳಕೆಯಲ್ಲಿತ್ತು. ಅದರಿಂದ ಮೂತ್ರಪಿಂಡಗಳಿಗೆ ಸೋಂಕು ಏರುತ್ತಿತ್ತು. ಕರುಳು ಮೂತ್ರದ ಲವಣಗಳನ್ನು ಮತ್ತೆ ಹೀರಿಕೊಂಡು ರಕ್ತದ ಆಮ್ಲೀಯತೆಯೂ ಹೆಚ್ಚುತ್ತಿತ್ತು.

1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸಣ್ಣಕರುಳಿನ ಒಂದು ಗೇಣಿನಷ್ಟು ತುಂಡನ್ನು ಅದರ ರಕ್ತನಾಳಗಳ ಸಮೇತ ಬೇರ್ಪಡಿಸಿ, ಅದಕ್ಕೆ ಮೂತ್ರನಾಳಗಳನ್ನು ಜೋಡಿಸುತ್ತಾರೆ. ತುಂಡಿನ ಒಂದು ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಈ ದ್ವಾರವೇ ಸ್ಟೋಮ. ಇದು ತೊಟ್ಟಿಯಲ್ಲ, ಕಾಲುವೆ ಮಾತ್ರ ಎಂಬುದನ್ನು ಗಮನಿಸಿ. ಮುಚ್ಚುವ ಸ್ನಾಯು ಇಲ್ಲದ್ದರಿಂದ ಮೂತ್ರ ಸದಾ ಜಿನುಗುತ್ತಲೇ ಇರುತ್ತದೆ. ಶಸ್ತ್ರವೈದ್ಯನ ಕೆಲಸ ಇಲ್ಲಿಗೆ ಮುಗಿಯಿತು. ರೋಗಿಯ ಕೆಲಸ ಇಲ್ಲಿಂದ ಆರಂಭವಾಯಿತು.

ಒದ್ದೆ ಚರ್ಮಕ್ಕೆ ಚೀಲ ಅಂಟಿ ನಿಲ್ಲಬೇಕು. ಸರಳವೆಂದು ತೋರುವ ಈ ಸಮಸ್ಯೆಯನ್ನು ಬಿಡಿಸಿದವರಲ್ಲಿ ಹಲವರು ಕರುಳಿನ ಸ್ಟೋಮ ಇದ್ದವರಿಗಾಗಿ ದುಡಿದವರು. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸ್ ಸೊರೆನ್ಸನ್, ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಸೋರಿಕೆಗೆ ಅಂಜಿ ಮನೆಯಿಂದ ಹೊರಬರದ ತನ್ನ ಸೋದರಿಗಾಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದಳು. ಇಂಜಿನಿಯರ್ ಆಗೆ ಲೂಯಿ-ಹಾನ್ಸನ್ ಅದನ್ನು ತಯಾರಿಸಿದ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವೈದ್ಯ ರೂಪರ್ಟ್ ಟರ್ನ್‌ಬುಲ್ ಚರ್ಮದ ರಕ್ಷಣೆಗೆ ಕರಾಯ ಅಂಟನ್ನು ಬಳಕೆಗೆ ತಂದ. ಇದು ನಮ್ಮ ದೇಶದ ಒಣ ಕಾಡುಗಳಲ್ಲಿ ಬೆಳೆಯುವ ಮರವೊಂದರ ಅಂಟು! ನೀರು ಹೀರಿ ಉಬ್ಬುವ ಗುಣ ಅದಕ್ಕಿದೆ. ಆದರೆ ಮೂತ್ರದಲ್ಲಿ ಅದು ಬೇಗ ಕರಗುತ್ತದೆ. ಹಾಗಾಗಿ ಮೂತ್ರದ ಸ್ಟೋಮಕ್ಕೆ ಹೆಚ್ಚು ಕಾಲ ನಿಲ್ಲುವ ಕೃತಕ ಅಂಟುಪದರಗಳು ಬೇಕಾದವು.

ಟರ್ನ್‌ಬುಲ್‌ನಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನಾರ್ಮಾ ಗಿಲ್ 1958ರಲ್ಲಿ ಅವನ ಆಸ್ಪತ್ರೆಗೆ ಕೆಲಸಗಾರ್ತಿಯಾಗಿ ಮರಳಿದಳು. ಆಕೆ ದಾದಿಯಲ್ಲ, ಸ್ಟೋಮ ಇಟ್ಟುಕೊಂಡೇ ಬದುಕುತ್ತಿದ್ದ ಗೃಹಿಣಿ. ಚೀಲ ಕೂರಿಸುವುದನ್ನಷ್ಟೇ ಅಲ್ಲ, ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳಲು ಹೆದರುವ ರೋಗಿಗೆ ಧೈರ್ಯ ತುಂಬುವುದನ್ನೂ ಆಕೆ ಕಲಿಸಿದಳು. 1961ರಲ್ಲಿ ಇದಕ್ಕಾಗಿಯೇ ತರಬೇತಿ ಶಾಲೆ ಆರಂಭವಾಯಿತು. ಸ್ಟೋಮ ಆರೈಕೆ ಒಂದು ವೃತ್ತಿಯಾದದ್ದು ಹೀಗೆ.

ಕರುಳಿನಿಂದಲೇ ಹೊಸ ಮೂತ್ರಕೋಶ ಮಾಡುವ ವಿಧಾನ 1980ರ ದಶಕದಲ್ಲಿ ರೂಢಿಗೆ ಬಂತು. ಇಲ್ಲಿ ನೀವು ಪಾಠ ಮಾಡುವ ಲಾಪ್ಲಾಸ್ ನಿಯಮವೇ ಕೆಲಸ ಮಾಡುತ್ತದೆ. ಗೋಡೆಯ ಬಿಗಿತ ಅಷ್ಟೇ ಇದ್ದರೆ, ತ್ರಿಜ್ಯ ಹೆಚ್ಚಿದಂತೆ ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಅದಕ್ಕಾಗಿ ಕರುಳಿನ ಕೊಳವೆಯನ್ನು ಉದ್ದಕ್ಕೆ ಸೀಳಿ, ಮಡಿಸಿ, ಗೋಳಾಕಾರಕ್ಕೆ ಹೊಲಿಯುತ್ತಾರೆ. ಆದರೆ ಈ ಚೀಲಕ್ಕೆ ಮೊದಲಿನಂತೆ ತುಂಬಿದ ಅರಿವಿಲ್ಲ. ರೋಗಿ ಗಡಿಯಾರ ನೋಡಿ ಮೂತ್ರ ಮಾಡುವುದನ್ನು ಕಲಿಯಬೇಕು, ರಾತ್ರಿ ಅಲಾರಂ ಇಟ್ಟು ಏಳಬೇಕು.

ಹಾಗಾದರೆ ಇಂದಿನ ರೋಗಿಗೆ ಏನು ಬೇಕು? ಸ್ಟೋಮದ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಗುರುತಿಸಬೇಕು. ಪಂಚೆಯ ಗಂಟು, ಸೀರೆಯ ನೆರಿಗೆ ಅದರ ಮೇಲೆ ಬರಬಾರದು. ಮೂತ್ರದಲ್ಲಿ ಕಾಣುವ ಲೋಳೆ ಕರುಳಿನ ಸಹಜ ಸ್ರಾವ, ಕೀವಲ್ಲ ಎಂದು ಮೊದಲೇ ತಿಳಿಸಬೇಕು. ಅರ್ಧ ಲೀಟರ್ ತುಂಬಿದ ಚೀಲ ಸುಮಾರು 5 ನ್ಯೂಟನ್ ಬಲದಿಂದ ಅಂಟನ್ನು ಕೆಳಗೆ ಎಳೆಯುತ್ತದೆ. ಆದ್ದರಿಂದ ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು. ರಾತ್ರಿಯ ದೊಡ್ಡ ಚೀಲ ಹಾಸಿಗೆಗಿಂತ ಕೆಳಗಿರಬೇಕು. ಇಲಿಯಮ್ ಭಾಗ ಕಡಿಮೆಯಾದವರಲ್ಲಿ ಬಿ12 ಕೊರತೆಯಾಗಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ದಾಂಪತ್ಯ ಜೀವನದಲ್ಲಿ ಆಗುವ ಬದಲಾವಣೆಯನ್ನು ಗಂಡ ಹೆಂಡತಿ ಇಬ್ಬರಿಗೂ ಸಂಕೋಚವಿಲ್ಲದೆ ವಿವರಿಸುವವರು ಬೇಕು. ಚೀಲಗಳ ಖರ್ಚು ಜೀವನವಿಡೀ ಇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ನಿಮ್ಮ ಸಹೋದ್ಯೋಗಿಯೊಬ್ಬರು ಇಂಥ ಶಸ್ತ್ರಚಿಕಿತ್ಸೆಯ ನಂತರ ಶಾಲೆಗೆ ಮರಳಿದರೆ ಎರಡು ಕೆಲಸ ಮಾಡಿ. ಅವರಿಗೆ ಸತತವಾಗಿ ಮೂರು ಪೀರಿಯಡ್ ಬಾರದಂತೆ ವೇಳಾಪಟ್ಟಿ ಬದಲಿಸಿ. ನೀರಿರುವ, ಚಿಲಕವಿರುವ ಒಂದು ಶೌಚಾಲಯ ಅವರಿಗೆ ಸಿಗುವಂತೆ ನೋಡಿಕೊಳ್ಳಿ. ಹೆಚ್ಚು ಪ್ರಶ್ನೆ ಕೇಳಬೇಡಿ.