ಬಿಲ್ಲೆಯ ವಿನಿಮಯ

ಎದೆಯ ಮೇಲೆ ಧರಿಸುವ ಚಿಹ್ನೆಯು ಬಹುಕಾಲದವರೆಗೆ ಕೊಡುಕೊಳ್ಳುವ ವಸ್ತುವಾಗಿರಲಿಲ್ಲ. ಮೇಲಿನವನು ದಯಪಾಲಿಸಿ ಕೆಳಗಿನವನು ಧರಿಸತಕ್ಕ ವಸ್ತುವಾಗಿದ್ದಿತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಸಾಮಂತರನ್ನು ‘ಸಮಧಿಗತ ಪಂಚಮಹಾಶಬ್ದ’ರೆಂದು ಕರೆದಿರುವುದು ವಾಚಕರಿಗೆ ವಿದಿತವೇ ಇದೆ. ಐದು ವಾದ್ಯಗಳ ಆ ಗೌರವವು ಒಡೆಯನಿಂದ ಬಂದುದು, ನೆರೆಯವನೊಡನೆ ಬದಲಾಯಿಸಿಕೊಳ್ಳುವಂಥದಲ್ಲ. ವೀರರ ಕಾಲಿನ ಪೆಂಡೆಯವೂ ಅಂತೆಯೇ. ಮುಂದೆ ಸರಕಾರದ ಕಛೇರಿಗಳು ಬೆಳೆದಾಗ ಜವಾನನ ಪಟ್ಟಿಗೆ ಹಿತ್ತಾಳೆಯ ಬಿಲ್ಲೆಯು ಬಂದಿತು. ಆ ಬಿಲ್ಲೆಗೆ ಚಪರಾಸ್ ಎಂಬ ಹೆಸರಿದ್ದುದರಿಂದಲೇ ಅದನ್ನು ಧರಿಸಿದವನು ಚಪರಾಸಿಯೆನಿಸಿದನು. ಮನುಷ್ಯನ ಹೆಸರು ಹಿಂದಾಗಿ ಬಿಲ್ಲೆಯ ಹೆಸರೇ ಮುಂದಾಯಿತು.

ಸಭೆ ಸಮ್ಮೇಳನಗಳ ಕಾಲದಲ್ಲಿ ಬಿಲ್ಲೆಯ ಸ್ವರೂಪವು ಕೊಂಚ ಬದಲಾಯಿತು. ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರ್ಗಿಯಲ್ಲಿ 1928, 1949, 1987 ಮತ್ತು 2020ರಲ್ಲಿ ಕೂಡಿದೆ. ಇಂಥ ಸಮ್ಮೇಳನಗಳಲ್ಲಿ ಪ್ರತಿನಿಧಿ, ಸ್ವಯಂಸೇವಕ, ಸ್ವಾಗತಸಮಿತಿ ಎಂಬ ಅಕ್ಷರಗಳ ಬಿಲ್ಲೆಗಳು ಪರಿಚಿತವಾಗಿವೆ. ಶುಲ್ಕ ತೆತ್ತ ಯಾರಿಗಾದರೂ ಪ್ರತಿನಿಧಿಯ ಬಿಲ್ಲೆಯು ದೊರೆಯುವುದು ದೊಡ್ಡ ಮಾತೇ ಸರಿ. ಆದರೂ ಯಾರು ಎಲ್ಲಿ ಕುಳಿತುಕೊಳ್ಳತಕ್ಕದ್ದು ಎಂಬುದನ್ನು ಹೇಳುವ ಹಳೆಯ ಕೆಲಸವನ್ನು ಅದು ಬಿಟ್ಟಿಲ್ಲ.

ಈ ಕಟ್ಟು ಸಡಿಲಿದುದನ್ನು ಬಾಲಚರರ ಕೂಟಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೇಡನ್ ಪೊವೆಲ್ಲರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಯಿಸಿದ ಶಿಬಿರದಿಂದ ಮೊದಲಾದ ಈ ಸ್ಕೌಟು ಚಳವಳಿಯು 1917ರಲ್ಲಿ ಮೈಸೂರು ಸಂಸ್ಥಾನವನ್ನು ಮುಟ್ಟಿತು. 1920ರಲ್ಲಿ ಲಂಡನ್ನಿನಲ್ಲಿ ಮೊದಲನೆಯ ವಿಶ್ವ ಜಾಂಬೂರಿಯು ನೆರೆಯಿತು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಬಾಲಕರು ಇಂಥ ಕೂಟಗಳಲ್ಲಿ ತಮ್ಮ ದಳದ ಬಟ್ಟೆಯ ಬಿಲ್ಲೆಯನ್ನೂ ಕೊರಳಿನ ಸ್ಕಾರ್ಫನ್ನೂ ಕೊಟ್ಟು ಇನ್ನೊಬ್ಬರದನ್ನು ಪಡೆಯುವ ರೂಢಿಯು ಬೆಳೆಯಿತು. ಹೀಗೆ ಕೂಡಿಸಿದ ಬಿಲ್ಲೆಗಳನ್ನು ಶಿಬಿರದ ಕಂಬಳಿಗೆ ಹೊಲಿದು ಹೊದ್ದುಕೊಳ್ಳುವುದೂ ಉಂಟು. ಕರ್ನಾಟಕದಲ್ಲಿಯೇ 2016ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಬಳಿಯ ಅಡಕನಹಳ್ಳಿಯಲ್ಲಿ ರಾಷ್ಟ್ರೀಯ ಜಾಂಬೂರಿಯೂ, 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೂ ನೆರೆದವು.

ಇಲ್ಲಿ ಒಂದು ವಿವೇಕವು ಗಮನಾರ್ಹವಾಗಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗಳಿಸಿದ ಬಿಲ್ಲೆಯನ್ನು ಬಾಲಚರನು ಬದಲಾಯಿಸತಕ್ಕದ್ದಲ್ಲ. ಊರಿನ, ದಳದ, ಶಿಬಿರದ ಬಿಲ್ಲೆಯನ್ನು ಮಾತ್ರ ಬದಲಾಯಿಸಬಹುದು. ಯೋಗ್ಯತೆಯು ಅವನಲ್ಲಿಯೇ ಉಳಿಯುವುದು, ಪರಿಚಯವು ಕೈಯಿಂದ ಕೈಗೆ ಹೋಗುವುದು. ಒಂದಕ್ಕೆ ಒಂದು ಎಂಬ ಲೆಕ್ಕದಲ್ಲಿ ಭೀಮರಾಯನಗುಡಿಯಂಥ ಊರಿನ ದಳದ ಬಿಲ್ಲೆಯೂ ಲಂಡನ್ನಿನ ಬಿಲ್ಲೆಯೂ ಸರಿಸಮ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಛೇರಿ, ವಸತಿಗಳಿಂದ ಬೆಳೆದ ಆ ಊರಿನಲ್ಲಿ ಹುದ್ದೆಯ ಹಿರಿಮೆ ಕಿರಿಮೆಗಳನ್ನು ಅರಿಯದ ಮಕ್ಕಳಿಲ್ಲ; ಅಂಥ ಮಗುವಿಗೆ ಈ ಸಮಾನತೆಯು ಸಣ್ಣ ಪಾಠವಲ್ಲ.

ದೊಡ್ಡವರೂ ಈ ಆಟವನ್ನು ಆಡದೆ ಬಿಟ್ಟಿಲ್ಲ. ವಿಜ್ಞಾನಕಥೆಗಳ ಅಭಿಮಾನಿಗಳ ವಿಶ್ವಸಮ್ಮೇಳನವು 1939ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಾರಂಭವಾಯಿತು. ಕಾಲಕ್ರಮದಲ್ಲಿ ಅಂಥ ಸಮ್ಮೇಳನಗಳಲ್ಲಿ ಹೆಸರಿನ ಬಿಲ್ಲೆಯ ಕೆಳಗೆ ಭಾಷಣಕಾರ, ಕಾರ್ಯಕರ್ತ ಎಂದು ಅಚ್ಚಾದ ರಿಬ್ಬನ್ನಿನ ತುಂಡುಗಳನ್ನು ಅಂಟಿಸುವ ಪದ್ಧತಿಯು ನಡೆಯಿತು. ಅನಂತರ ಸಾಮಾನ್ಯ ಅಭಿಮಾನಿಗಳೂ ವಿನೋದದ ಮಾತುಗಳನ್ನು ಅಚ್ಚುಹಾಕಿಸಿ, ಭೇಟಿಯಾದವರಿಗೆ ಹಂಚತೊಡಗಿದರು. ಒಂದರ ಕೆಳಗೊಂದು ಅಂಟಿದ ರಿಬ್ಬನ್ನುಗಳು ಕೆಲವರಿಗೆ ಮೊಣಕಾಲಿನವರೆಗೆ ಇಳಿಬೀಳುವವು. ಪದವಿಯ ಗುರುತು ಹೀಗೆ ಮಾತುಕತೆಯ ಗುರುತಾಯಿತು.

ಆದರೆ ಸಂಗ್ರಹದೊಡನೆ ಲೋಭವೂ ಬರುವುದು ಸಹಜ. ಅಪರೂಪದ ಬಿಲ್ಲೆಗೆ ಹಣದ ಬೆಲೆ ಹತ್ತುತ್ತದೆ. ಬಲ್ಲವನು ಅರಿಯದ ಬಾಲಕನಿಂದ ಅದನ್ನು ಸುಲಭವಾಗಿ ಕಸಿಯಬಹುದು. ಈ ಕಾರಣದಿಂದಲೇ ಅಮೆರಿಕದ ಸ್ಕೌಟುಗಳಲ್ಲಿ ಬಾಲಕರು ಬಾಲಕರೊಡನೆ, ಹಿರಿಯರು ಹಿರಿಯರೊಡನೆ ಮಾತ್ರ ವಿನಿಮಯ ಮಾಡಬೇಕೆಂಬ ಕಟ್ಟಳೆಯು ಬಂದಿದೆ. ಅರಸನ ಕೈಯಿಂದ ಬಿಡಿಸಿಕೊಂಡು ಗೆಳೆಯನ ಕೈಗೆ ಬರಲು ಬಿಲ್ಲೆಗೆ ಶತಮಾನಗಳು ಬೇಕಾದವು. ಬೆಲೆ ಕಟ್ಟಿದೊಡನೆ ಅದು ಪುನಃ ಉಳ್ಳವನ ಎದೆಗೇ ಹಿಂದಿರುಗುವುದು.