ಅಡ್ಡಹೆಸರಿಲ್ಲದವರ ಖಾಲಿ ಕಾಲಂ

ನಮ್ಮೂರು ಅನಂತಪುರ. ‘ಆಂಧ್ರದವರಾ?’ ಅಂತ ಕೇಳಬ್ಯಾಡ್ರಿ, ಇದು ಅಥಣಿ ಕಡೆಯದು :) 1956ರ ನವೆಂಬರ್ 1ರ ತನಕ ಮುಂಬಯಿ ಆಡಳಿತದಲ್ಲಿದ್ದ ಸೀಮೆ. ಹೆಸರು ಬರೆಯುವ ರೀತಿಯೂ ಆ ಕಡೆಯದೇ: ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ವೆಬ್ ಫಾರಂನ ಮೂರು ಕಾಲಂಗೆ ನಾವು ಹೇಳಿ ಮಾಡಿಸಿದ ಹಾಗೆ ಕೂರುತ್ತೇವೆ. ಹಳೇ ಮೈಸೂರಿನವರ ಕಥೆ ಬೇರೆ. ಊರು, ಅಪ್ಪ ಎಲ್ಲ ಮುಂದಿನ ಇನಿಷಿಯಲ್‌ನಲ್ಲೇ ಮುಗಿಯಿತು. ಅಡ್ಡಹೆಸರು ಎಷ್ಟೋ ಜನರಿಗೆ ಇಲ್ಲವೇ ಇಲ್ಲ. ಆ ಖಾಲಿ ಕಾಲಂ ಪರದೆಯ ಮೇಲೆ ಏನಾಗಿ ಕಾಣಬೇಕು?

ಕಂಪ್ಯೂಟರಿನ ‘ಇಲ್ಲ’ಕ್ಕೆ ನಲ್ ಅಂತ ಹೆಸರು. 1965ರಲ್ಲಿ ಟೋನಿ ಹೋರ್ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ಸೇರಿಸಿದರು. 2009ರಲ್ಲಿ ತಾವೇ ಅದನ್ನು ನೂರು ಕೋಟಿ ಡಾಲರಿನ ತಪ್ಪು ಅಂದರು. ಡೇಟಾಬೇಸಿನವರ ಜಗಳ ಇನ್ನೂ ಸೊಗಸು. 1975ರಲ್ಲಿ ಅಮೆರಿಕದ ಒಂದು ಮಾನಕ ಸಮಿತಿಯ ವರದಿ 14 ಬಗೆಯ ಖಾಲಿಗಳನ್ನು ಪಟ್ಟಿ ಮಾಡಿತ್ತು. ಎಸ್‌ಕ್ಯುಎಲ್‌ಗೆ ಬಂದದ್ದು ಒಂದೇ! ರಿಲೇಷನಲ್ ಮಾದರಿ ಕೊಟ್ಟ ಕಾಡ್, 1990ರ ಪುಸ್ತಕದಲ್ಲಿ ಎರಡಾದರೂ ಬೇಕು ಅಂದರು. ‘ಇದೆ, ಆದರೆ ಗೊತ್ತಿಲ್ಲ’ ಒಂದು; ‘ಇವರಿಗೆ ಅದು ಅನ್ವಯಿಸುವುದೇ ಇಲ್ಲ’ ಇನ್ನೊಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಒಂದೇ ನಲ್ ವೆಬ್ಬಿಗೂ ಬಂತು. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲೇ ಡೇಟಾವನ್ನು ನೇರ ಎಚ್‌ಟಿಎಂಎಲ್ ಟ್ಯಾಗಿಗೆ ಕಟ್ಟಿಹಾಕುವ ಸೌಲಭ್ಯವಿತ್ತು. ಇವತ್ತಿನ ಆಂಗ್ಯುಲರ್, ರಿಯಾಕ್ಟ್ ನಲ್ ಸಿಕ್ಕರೆ ಸುಮ್ಮನೆ ಜಾಗ ಖಾಲಿ ಬಿಡುತ್ತವೆ. ಅದೇ ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲೇ ಎರಡು ಹೆಸರು ಕೂಡಿಸಿ ಕಳಿಸಿದರೋ, ‘ರಾಮಪ್ಪ ನಲ್’ ಅಂತ ಹೊಸ ಮನೆತನವೇ ಹುಟ್ಟುತ್ತದೆ. ಖಾಲಿಯಿದ್ದರೆ ಬದಲಿ ಪದ ತೋರಿಸು ಅನ್ನಲು ಬಹಳ ಕಾಲ ಎರಡು ಕಂಬದ ‘ಅಥವಾ’ ಚಿಹ್ನೆ ಬಳಸುತ್ತಿದ್ದರು. ಅದು ಸೊನ್ನೆಯನ್ನೂ ಖಾಲಿ ಎಂದೇ ತಿಳಿಯುತ್ತದೆ. ಬಾಕಿ 0 ರೂಪಾಯಿ ಇದ್ದವನಿಗೆ ‘ಮಾಹಿತಿ ಇಲ್ಲ’ ಅಂದರೆ ಹೇಗೆ? 2020ರಲ್ಲಿ ಜೋಡಿ ಪ್ರಶ್ನೆಚಿಹ್ನೆ ಬಂದ ಮೇಲೆ ಸೊನ್ನೆ ಉಳಿದುಕೊಂಡಿತು.

ಅಡ್ಡಹೆಸರಿಲ್ಲದವರ ಪಾಡು ಮಾತ್ರ ಹಾಗೇ ಇದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂದಿತು. ಆಮೇಲೆ, ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಆ ಒಂದೇ ಹೆಸರು ಅಡ್ಡಹೆಸರಿನ ಕಾಲಂಗೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬೀಳುತ್ತದೆ. ಬಿಡಿಸಿದರೆ: ಮೊದಲ ಹೆಸರು ಗೊತ್ತಿಲ್ಲ. ಹುಟ್ಟಿದಂದಿನಿಂದ ಊರೆಲ್ಲ ಕರೆದ ಹೆಸರು ಪಕ್ಕದ ಕಾಲಂನಲ್ಲೇ ಕೂತಿರುತ್ತದೆ!