ಕುಟುಂಬ ಸಹವರ್ತಿ ಬೆಂಬಲ (ಕೇರಳ)

ಮಾನಸಿಕ ಅಸ್ವಾಸ್ಥ್ಯ ಅಥವಾ ಬೌದ್ಧಿಕ ತೊಂದರೆಯಿರುವ ಮಗುವನ್ನು ಸಾಕಿದ ಅನುಭವವುಳ್ಳವರು, ಅದೇ ಸ್ಥಿತಿಯಲ್ಲಿರುವ ಬೇರೆ ಕುಟುಂಬಗಳಿಗೆ ನೀಡುವ ನೆರವನ್ನು ಕುಟುಂಬ ಸಹವರ್ತಿ ಬೆಂಬಲ ಎನ್ನುತ್ತಾರೆ. ಅಮೆರಿಕದಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್, ಸಹವರ್ತಿ ಬೆಂಬಲದ ವೆಚ್ಚ ಭರಿಸಲು ರಾಜ್ಯಗಳಿಗೆ 2007ರಲ್ಲಿ ದಾರಿ ತೋರಿಸಿ, 2013ರಲ್ಲಿ ಮಕ್ಕಳ ಪೋಷಕರಿಗೆ ಸಲ್ಲುವ ಬೆಂಬಲವೂ ಅದರೊಳಗೆ ಬರಬಹುದೆಂದು ಸ್ಪಷ್ಟಪಡಿಸಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೆಯ ಕಲಮು ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ದೊರೆಯಬೇಕೆಂದು ವಿಧಿಸಿದೆ. ಆದರೂ, ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುವ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಮುಖ್ಯವಾಗಿ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಯನ್ನೇ ಗಮನದಲ್ಲಿಟ್ಟುಕೊಂಡು ರೂಪುಗೊಂಡಿದೆ. ಪೋಷಕರು ಪೋಷಕರಿಗೆ ಕೊಡುವ ಸಮಯಕ್ಕೆ ಇಂಥ ಲೆಕ್ಕದಲ್ಲಿ ಜಾಗ ಸಿಗುವುದು ಕಷ್ಟ. ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದವುಗಳಿಗೆ ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯನ್ನೂ ಒಳಗೊಂಡು 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುತ್ತದೆಯಾದರೂ, ಅದರ ಫಲಾನುಭವಿ ಮಗುವೇ.

ಹೀಗಾಗಿ ಕೇರಳದಲ್ಲಿ ಕುಟುಂಬ ಸಹವರ್ತಿ ಬೆಂಬಲಕ್ಕೆ ಹತ್ತಿರವಾದ ವ್ಯವಸ್ಥೆಯನ್ನು ವಿಮೆಯ ಹೊರಗೆ, ಸ್ಥಳೀಯಾಡಳಿತದಲ್ಲಿ ಹುಡುಕಬೇಕಾಗುತ್ತದೆ. ಎರ್ನಾಕುಲಂ ಜಿಲ್ಲೆಯ ಕೀಳ್‌ಮಾಡ್ ಪಂಚಾಯತ್‌ನಲ್ಲಿ 2004ರಲ್ಲಿ ಆರಂಭವಾದ ಮೊದಲ ಬಡ್ಸ್ ಶಾಲೆ, ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಬೆಂಬಲದಿಂದ ಬೌದ್ಧಿಕ ತೊಂದರೆಯುಳ್ಳ ಮಕ್ಕಳಿಗೆ ಹಗಲು ಆರೈಕೆ ಒದಗಿಸಿ, ತಾಯಂದಿರು ಒಂದೆಡೆ ಸೇರುವುದಕ್ಕೂ ಅವಕಾಶ ಮಾಡಿಕೊಟ್ಟಿತು. ಈ ಮಾದರಿ ಮುಂದೆ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಕಾಸರಗೋಡಿನ ಪಂಚಾಯತ್‌ಗಳಿಗೂ ಹಬ್ಬಿತು.